ಮಧ್ಯಾಹ್ನದ ಕೂಗು

ರೇಡಿಯೋ ಅಣ್ಣನ ಆ ದಿನದ ಪಾಡಿಗೆಲ್ಲ ಕಾರಣವಾದದ್ದು, ಬೆಳಿಗ್ಗೆ ಅಂಗಡಿಯ ಬಾಗಿಲು ಪೂರ್ತಿ ತೆರೆಯುವ ಮೊದಲೇ ಅವನ ಬಾಯಿಂದ ಜಾರಿದ ಒಂದು ವಾಕ್ಯ. ಅದನ್ನು ಅವನು ತನ್ನಷ್ಟಕ್ಕೆ ಹೇಳಿಕೊಂಡಿದ್ದರೆ ಏನೂ ಆಗುತ್ತಿರಲಿಲ್ಲ. ಗೋಡೆಗೆ ಹೇಳಿದ್ದರೂ ಆಗುತ್ತಿರಲಿಲ್ಲ. ಅವನು ಟೈಲರಕ್ಕನಿಗೆ ಹೇಳಿದ.

ಟೈಲರಕ್ಕನ ಅಂಗಡಿ ಎದುರು ಸಾಲಿನಲ್ಲಿತ್ತು. ಅವಳು ಅವನನ್ನು ಅಣ್ಣ ಎನ್ನುತ್ತಿದ್ದಳು, ಅವನು ಅವಳನ್ನು ಅಕ್ಕ ಎನ್ನುತ್ತಿದ್ದ. ಇಬ್ಬರಲ್ಲಿ ಹಿರಿಯರು ಯಾರೆಂಬುದನ್ನು ಬೀದಿ ಇನ್ನೂ ಇತ್ಯರ್ಥ ಮಾಡಿರಲಿಲ್ಲ. ಸುದ್ದಿ ಅವಳ ಕಿವಿಗೆ ಬಿದ್ದರೆ ಹೊಲಿಗೆ ಯಂತ್ರಕ್ಕೆ ದಾರ ಪೋಣಿಸಿದ ಹಾಗೆ. ಕಾಲು ಆಡಿಸಿದ್ದೇ ತಡ, ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಒಂದೇ ಹೊಲಿಗೆ.

ರಿಪೇರಿಗೆ ಕೊಟ್ಟಿದ್ದ ರೇಡಿಯೋ ಒಯ್ಯಲು ಬಂದ ಅವಳು ಸುಮ್ಮನೆ ಒಯ್ಯಲಿಲ್ಲ.

"ಅಣ್ಣ, ನಿನ್ನೆ ಮಧ್ಯಾಹ್ನಾನೂ ನೀವು ಊಟಕ್ಕೆ ಏಳಲಿಲ್ಲ. ನಾನು ನೋಡ್ತಾನೇ ಇದ್ದೆ."

"ಹೊತ್ತಾಗಿದ್ದೇ ಗೊತ್ತಾಗಲ್ಲ ಅಕ್ಕ. ಅವಳಿದ್ದಾಗ ಕೂಗ್ತಿದ್ದಳು, ಏಳ್ತಿದ್ದೆ. ಈಗ ಕೂಗೋರಿಲ್ಲ." ರೇಡಿಯೋ ಅಣ್ಣ ಕೊರಳಿಗಿದ್ದ ಹೆಡ್‌ಫೋನನ್ನೂ ಸ್ಕ್ರೂಡ್ರೈವರನ್ನೂ ಮೇಜಿನ ಮೇಲಿಟ್ಟ. "ಹೇಗೆ ಕೂಗ್ತಿದ್ದಳು ಅನ್ನೋದೇ ಮರೆತುಹೋಗಿದೆ ನೋಡಿ."

ಅದೇ ಆ ವಾಕ್ಯ.

"ಮರೆತುಹೋಗಿದೆಯಾ?" ಎಂದಳು ಟೈಲರಕ್ಕ. ರೇಡಿಯೋವನ್ನು ಅಲ್ಲಿಯೇ ಬಿಟ್ಟು ರಸ್ತೆ ದಾಟಿದಳು.

ಮರೆತದ್ದು ನಿಜ. ಆದರೆ ಆ ಮರೆವಿಗೆ ಒಂದು ವಿಚಿತ್ರವಾದ ಅಂಚಿತ್ತು. ತೀರಿಕೊಂಡ ಹೆಂಡತಿಯ ಕೆಮ್ಮು, ನಗು, ಕೊಳಾಯಿಯಲ್ಲಿ ನೀರು ನಿಂತಾಗ ಅವಳು ಕೊಳಾಯಿಗೇ ಕೊಡುತ್ತಿದ್ದ ಬುದ್ಧಿಮಾತು, ಎಲ್ಲವೂ ಅವನಿಗೆ ಸ್ಪಷ್ಟವಾಗಿ ಕೇಳುತ್ತಿದ್ದವು. ಮಧ್ಯಾಹ್ನದ ಆ ಕೂಗು ಮಾತ್ರ ಕೇಳುತ್ತಿರಲಿಲ್ಲ. ಅಂಗಡಿಯ ಹಿಂಬದಿಯೇ ಮನೆ. ನಡುವಿನ ಬಾಗಿಲಲ್ಲಿ ಅವಳು ಒದ್ದೆ ಕೈ ಒರೆಸಿಕೊಳ್ಳುತ್ತಾ ನಿಂತಿದ್ದಾಳೆ, ತುಟಿ ಅಲ್ಲಾಡುತ್ತದೆ, ಧ್ವನಿ ಇಲ್ಲ. ಸ್ಪೀಕರ್ ಸತ್ತ ಟಿವಿಯ ಹಾಗೆ ಚಿತ್ರವಷ್ಟೇ ಓಡುತ್ತದೆ. ಕೆಲವು ದಿನ ಅವನು ಬೇಕೆಂದೇ ಬೆನ್ನು ತಿರುಗಿಸಿ ಕೂತು, ಆ ಚಿತ್ರವನ್ನು ಮತ್ತೆ ಮತ್ತೆ ಓಡಿಸಿ, ಈ ಸಲವಾದರೂ ಕೇಳೀತೆಂದು ಕಾಯುತ್ತಿದ್ದ. ಅಷ್ಟರಲ್ಲಿ ಸಂಜೆಯಾಗುತ್ತಿತ್ತು. ಅವನು ಮಧ್ಯಾಹ್ನ ಊಟಕ್ಕೆ ಏಳದಿರುವುದರ ನಿಜವಾದ ಕಾರಣ ಇದು.

ಊರಿನ ಟೇಪ್ ರೆಕಾರ್ಡರುಗಳನ್ನೆಲ್ಲ ಬಿಚ್ಚಿ ಜೋಡಿಸಿದವನ ಮನೆಯಲ್ಲಿ ಅವಳ ಧ್ವನಿಯ ಒಂದು ತುಣುಕೂ ಉಳಿದಿರಲಿಲ್ಲ. ಅವನು ರೆಕಾರ್ಡ್ ಗುಂಡಿ ಒತ್ತಿದೊಡನೆ ಅವಳು ತಲೆ ತಗ್ಗಿಸಿ ಮೌನವಾಗಿಬಿಡುತ್ತಿದ್ದಳು. ನಾಳೆ ಮಾಡಿದರಾಯಿತು ಎಂದು ಅವನು ಗುಂಡಿ ಬಿಡುತ್ತಿದ್ದ.

ಟೈಲರಕ್ಕ ಹೋಗಿ ಸ್ವಲ್ಪ ಹೊತ್ತಿಗೆಲ್ಲ ಅಂಗಡಿ ತುಂಬಿತು. ಮೊದಲು ಬಂದವನು ಪಕ್ಕದ ಸೈಕಲ್ ಮಾವ. ಪಂಕ್ಚರ್ ಹಾಕುತ್ತಿದ್ದ ಟ್ಯೂಬನ್ನು ಕೊರಳಲ್ಲಿ ಹಾಗೆಯೇ ನೇತುಹಾಕಿಕೊಂಡಿದ್ದ. ಅವನ ಹಿಂದೆ ಮೂಲೆಯ ಔಷಧಿ ಅಂಗಡಿಯವನು. ಅವನಿಗೆ ಬೀದಿ ಅರೆಡಾಕ್ಟ್ರು ಎಂದು ಹೆಸರಿಟ್ಟಿತ್ತು. ಆ ಹೆಸರಿನಲ್ಲಿ ಎರಡನೆಯ ಭಾಗವಷ್ಟೇ ಅವನಿಗೆ ಕೇಳಿಸುತ್ತಿತ್ತು.

"ಕೂಗು ತಾನೆ ಮರೆತಿರೋದು? ಅದಕ್ಯಾಕೆ ಇಷ್ಟು ತಲೆ ಕೆಡಿಸ್ಕೊಳ್ತೀಯ?" ಎಂದ ಸೈಕಲ್ ಮಾವ. "ಗೋಡೆಯಾಚೆ ಇದ್ದ ನಂಗೆ ನೆನಪಿಲ್ವೇನಯ್ಯ? 'ರೀ, ಬರ್ತೀರೋ, ಮುಚ್ಚಿಡ್ಲೋ?' ಅನ್ನೋಳು. ಹಂಚು ಹಾರೋ ಹಂಗೆ."

"ಯಾರು, ಅವಳಾ? ಅಷ್ಟು ಮೆತ್ತಗಿದ್ದೋಳು?" ಎಂದಳು ಟೈಲರಕ್ಕ. "'ಊಟಕ್ಕೇಳಿ' ಅಂತ ಒಂದೇ ಮಾತು. ಕೊನೇಲಿ ಸ್ವಲ್ಪ ಎಳೆಯೋಳು. ಊಟಕ್ಕೇಳೀ... ಹಿಂಗೆ."

"ಇಬ್ಬರೂ ತಪ್ಪು," ಎಂದ ಅರೆಡಾಕ್ಟ್ರು. "ಅವರು ಎರಡು ಸಲ ಚಿಟಿಕೆ ಹೊಡೀತಿದ್ರು. ಆಮೇಲೇ ಮಾತು."

ಮೂವರೂ ಸರದಿಯಂತೆ ಕೂಗಿ ತೋರಿಸಿದರು. ರೇಡಿಯೋ ಅಣ್ಣ ಕಣ್ಣು ಮುಚ್ಚಿ, ಪ್ರತಿಯೊಂದನ್ನೂ ಆ ಚಿತ್ರದ ಮೇಲಿಟ್ಟು ನೋಡಿದ. ಯಾವುದೂ ಅವಳ ತುಟಿಗೆ ಹೊಂದಲಿಲ್ಲ. ಸೈಕಲ್ ಮಾವನ ಕೂಗಂತೂ ಸೈಕಲ್ ಮಾವನ ಹೆಂಡತಿಯದೇ ಎಂದು ಅವನಿಗೆ ಅನುಮಾನ ಬಂತು, ಆದರೆ ಹೇಳಲಿಲ್ಲ.

"ಇದು ಹಗುರವಾಗಿ ತಗೊಳ್ಳೋ ವಿಷಯ ಅಲ್ಲ," ಎಂದು ಅರೆಡಾಕ್ಟ್ರು ಧ್ವನಿ ತಗ್ಗಿಸಿದ. "ಮರೆವಿನ ಕಾಯಿಲೆ ಹೀಗೇ ಶುರುವಾಗೋದು. ಹೊರಗೆ ಏನೂ ಕಾಣಲ್ಲ, ಒಳಗೆ ಮೆದುಳು ಸವೀತಿರುತ್ತೆ. ದೊಡ್ಡ ಆಸ್ಪತ್ರೇಲಿ ಈಗ ಅದನ್ನ ಮೊದಲೇ ಹಿಡಿಯೋದಕ್ಕೆ ಒಂದು ಅಧ್ಯಯನ ನಡೀತಿದೆ. ಮೆದುಳಿನ ಚಿತ್ರ ತೆಗೀತಾರೆ. ಫೋನ್ ಮಾಡಿ ಕೇಳಿದೆ. ಇವತ್ತು ಬರಬೇಕಾದವರು ಒಬ್ಬರು ಬರ್ತಿಲ್ಲವಂತೆ, ಕರ್ಕೊಂಡ್ಬನ್ನಿ ಅಂದ್ರು."

"ಯಾವಾಗ ಫೋನ್ ಮಾಡಿದ್ರಿ?"

"ಟೈಲರಕ್ಕ ರಸ್ತೆ ದಾಟ್ತಿರುವಾಗಲೇ. ನಿಮ್ಮ ಮಗಳಿಗೂ ಹೇಳಿಬಿಟ್ಟಿದ್ದೀನಿ. ಬಸ್ ಹತ್ತಿದಾಳಂತೆ."

ಮಗಳಿಗೆ ಹೇಳಬಾರದಿತ್ತು ಎಂದು ರೇಡಿಯೋ ಅಣ್ಣನಿಗೆ ಸಂಕಟವಾಯಿತು. ಆದರೆ ಅದರ ಜೊತೆಜೊತೆಗೇ, ಬಹಳ ದಿನದ ಮೇಲೆ, ಎದೆಯಲ್ಲಿ ಏನೋ ಒಂದು ಗುಂಡಿ ಒತ್ತಿದ ಹಾಗಾಯಿತು. ಅವನ ಕಸುಬಿಗೆ ಒಂದೇ ನಂಬಿಕೆ: ಧ್ವನಿ ಬರದಿದ್ದರೆ ಸ್ಟೇಷನ್ ಮುಚ್ಚಿಲ್ಲ, ಸೆಟ್ ಕೆಟ್ಟಿದೆ. ಗಿರಾಕಿಗಳು ಎಷ್ಟೇ ಅಳಲಿ, ಅವನು ಹಾಗೆಂದೇ ಸಮಾಧಾನ ಹೇಳುತ್ತಿದ್ದ. ಹಾಗಾದರೆ ಈ ತಲೆಯೂ ಕೆಟ್ಟಿರಲಿ. ಕೆಟ್ಟ ಜಾಗ ಚಿತ್ರದಲ್ಲಿ ಸಿಗಲಿ. ಸಿಕ್ಕರೆ ಅವಳ ಕೂಗು ಎಲ್ಲಿಯೂ ಹೋಗಿಲ್ಲವೆಂದು ಅರ್ಥ.

ಕಾಯಿಲೆ ಇರಲಿ ಎಂದು ಹಾರೈಸುತ್ತಾ ಆಸ್ಪತ್ರೆಗೆ ಹೊರಟ ಮನುಷ್ಯ ಆ ಬೀದಿಯಲ್ಲಿ ಅವನೊಬ್ಬನೇ ಇರಬೇಕು.

ಬಸ್ಸಿನಲ್ಲಿ ಮೂವರೂ ಅವನನ್ನು ಪರೀಕ್ಷೆಗೆ ಸಿದ್ಧಪಡಿಸಿದರು. ಅದು ಪರೀಕ್ಷೆಯೇ ಎಂದೂ, ಅದರಲ್ಲಿ ಪಾಸಾದರೆ ಬೀದಿಯ ಮರ್ಯಾದೆ ಉಳಿಯುತ್ತದೆಯೆಂದೂ ಅವರು ತಿಳಿದಿದ್ದರು.

"ನೂರರಿಂದ ಏಳೇಳು ಕಳೀರಿ ಅಂತಾರೆ," ಎಂದ ಅರೆಡಾಕ್ಟ್ರು. "ತೊಂಬತ್ಮೂರು, ಎಂಬತ್ತಾರು..."

"ಎಪ್ಪತ್ತೆಂಟು," ಎಂದ ಸೈಕಲ್ ಮಾವ.

"ಎಪ್ಪತ್ತೊಂಬತ್ತು ಮಾವ."

ಸೈಕಲ್ ಮಾವ ಕಿಟಕಿಯತ್ತ ತಿರುಗಿ ಬೆರಳು ಮಡಚತೊಡಗಿದ. ಇಳಿಯುವ ತನಕ ಮಡಚುತ್ತಲೇ ಇದ್ದ. ಆಮೇಲೆ ಮೆಲ್ಲಗೆ ಟೈಲರಕ್ಕನನ್ನು ಕೇಳಿದ: "ನನ್ನ ವಯಸ್ಸಿನೋರಿಗೂ ತೆಗೀತಾರೇನಮ್ಮ ಆ ಚಿತ್ರ?"

ಆಸ್ಪತ್ರೆಯ ಬಾಗಿಲಲ್ಲಿ ಅರೆಡಾಕ್ಟ್ರು ಜೇಬು ತಡವಿಕೊಂಡು ನಿಂತುಬಿಟ್ಟ. ಔಷಧಿ ಅಂಗಡಿಗೆ ಬೀಗ ಹಾಕಿದೆನೋ ಇಲ್ಲವೋ ಎಂಬುದು ಅವನಿಗೆ ನೆನಪಾಗುತ್ತಿರಲಿಲ್ಲ.

ಡಾಕ್ಟರಮ್ಮ ಬಿಳಿ ಕೂದಲಿನ, ಅವಸರವಿಲ್ಲದ ಹೆಂಗಸು. ರೇಡಿಯೋ ಅಣ್ಣನನ್ನು ಒಳಗೆ ಕೂರಿಸಿ, ಉಳಿದ ಮೂವರನ್ನು ಹೊರಗೆ ಕಳಿಸಿದರು. ಬಾಗಿಲು ಮಾತ್ರ ಪೂರ್ತಿ ಮುಚ್ಚಿಕೊಳ್ಳಲಿಲ್ಲ. ಸಂದಿಯಲ್ಲಿ ಸೈಕಲ್ ಮಾವನ ಚಪ್ಪಲಿ ಇತ್ತು.

"ಮೂರು ಪದ ಹೇಳ್ತೀನಿ, ನೆನಪಿಟ್ಕೊಳ್ಳಿ. ಮರ, ಕನ್ನಡಿ, ದೋಣಿ. ಇವತ್ತು ಯಾವ ವಾರ?"

"ಗುರುವಾರ," ಎಂದಿತು ಬಾಗಿಲು.

"ಅವರು ಹೇಳಲಿ," ಎಂದರು ಡಾಕ್ಟರಮ್ಮ.

"ಹೇಳ್ತಾರೆ ಮೇಡಂ, ಅವರಿಗೆ ಗೊತ್ತು. ಸ್ವಲ್ಪ ಸಂಕೋಚ ಅಷ್ಟೇ," ಎಂದಿತು ಬಾಗಿಲು, ಈ ಸಲ ಟೈಲರಕ್ಕನ ಧ್ವನಿಯಲ್ಲಿ.

ರೇಡಿಯೋ ಅಣ್ಣ ಮನಸ್ಸಿನಲ್ಲಿ ತಪ್ಪುತ್ತರಗಳನ್ನು ಜೋಡಿಸಿಕೊಂಡೇ ಬಂದಿದ್ದ. ಆದರೆ ಸುಳ್ಳು ಹೇಳುವುದಕ್ಕೂ ಅಭ್ಯಾಸ ಬೇಕು. ಏಳೇಳು ಕಳೆಯುತ್ತಾ ಅವನು ಎರಡರವರೆಗೆ ಇಳಿದ. ಎರಡರಲ್ಲಿ ಏಳು ಹೋಗುವುದಿಲ್ಲವೆಂದು ವಿಷಾದದಿಂದ ನಿಂತ. ಗಡಿಯಾರ ಬರೆಯಿರಿ ಎಂದಾಗ ಸೊಟ್ಟಗೆ ಬರೆಯಬೇಕೆಂದು ಪೆನ್ಸಿಲ್ ಹಿಡಿದ. ಕೈ ಕೇಳಲಿಲ್ಲ. ಕೈವಾರವಿಲ್ಲದೆ ಎಳೆದ ವೃತ್ತ ದುಂಡಗೆ ಬಂತು, ನಿಮಿಷದ ಗೆರೆಗಳೆಲ್ಲ ಸಮದೂರದಲ್ಲಿ ಬಿದ್ದವು. ಅಷ್ಟಕ್ಕೇ ನಿಲ್ಲದೆ ಅಲಾರಂ ಮುಳ್ಳೂ ಹಿಂಬದಿಯ ಕೀ ಕೊಡುವ ತಿರುಪೂ ಮೂಡಿದವು.

"ಆ ಮೂರು ಪದ?"

"ಮರ, ಕನ್ನಡಿ, ದೋಣಿ," ಎಂದ ಅವನು, ತಪ್ಪೊಪ್ಪಿಕೊಳ್ಳುವವನ ಹಾಗೆ.

ಬಾಗಿಲಾಚೆ ಚಪ್ಪಾಳೆ ಬಿತ್ತು. ಡಾಕ್ಟರಮ್ಮ ಎದ್ದು ಹೋಗಿ ಚಪ್ಪಲಿಯನ್ನು ಹೊರಗೆ ನೂಕಿ, ಬಾಗಿಲು ಮುಚ್ಚಿ ಬಂದು ಕೂತರು.

"ನಿಮಗೆ ಏನೂ ಆಗಿಲ್ಲ ಅನ್ಸುತ್ತೆ. ಯಾಕೆ ಬಂದ್ರಿ?"

ಅವನು ಹೇಳಿದ. ನಡುವಿನ ಬಾಗಿಲು, ಒದ್ದೆ ಕೈ, ಅಲ್ಲಾಡುವ ತುಟಿ. ಹೇಳುತ್ತಾ ಹೇಳುತ್ತಾ ತನ್ನ ಧ್ವನಿಯೇ ಸಣ್ಣದಾಗುತ್ತಿದೆಯೆಂದು ಅವನಿಗೆ ಅನ್ನಿಸಿತು.

"ಉಳಿದ ಮಾತೆಲ್ಲ ಕೇಳ್ಸುತ್ತೆ ಮೇಡಂ. ನಾನು ಕಾಯ್ತಾ ಇರೋ ಆ ಕೂಗು ಮಾತ್ರ ಕೇಳ್ಸಲ್ಲ. ನೀವು ತೆಗೆಯೋ ಮೆದುಳಿನ ಚಿತ್ರದಲ್ಲಿ, ಅದು ಸಿಕ್ಕಿಹಾಕ್ಕೊಂಡಿರೋ ಜಾಗ ಕಾಣುತ್ತಾ?"

"ಧ್ವನಿ ಕಾಣಲ್ಲ," ಎಂದರು ಡಾಕ್ಟರಮ್ಮ. ಬೇಗ ಹೇಳಿ ಮುಗಿಸಿದ್ದಕ್ಕೆ ತಾವೇ ನೊಂದವರಂತೆ ಮುಂದುವರಿಸಿದರು: "ನೆನಪು ಹಿಡಿದಿಡೋ ಒಂದು ಭಾಗ ಇದೆ, ಕಿವಿಯ ಒಳಗಡೆಗೆ, ಎರಡೂ ಬದಿಗೆ ಒಂದೊಂದು. ಕಾಯಿಲೆ ಶುರುವಾದ್ರೆ ಮೊದಲು ಕುಗ್ಗೋದು ಸಾಮಾನ್ಯವಾಗಿ ಅದೇ. ಕುಗ್ಗಿದ್ರೆ ಕಾಣುತ್ತೆ. ಇನ್ನಷ್ಟು ಕುಗ್ಗೋದನ್ನ ನಿಧಾನ ಮಾಡೋಕೆ ಪ್ರಯತ್ನಿಸಬಹುದು. ಹೋಗಿದ್ದು ವಾಪಸ್ ಬರುತ್ತೆ ಅಂತ ನಾನು ಹೇಳಲ್ಲ."

"ಕುಗ್ಗಿದೆ ಅಂತ ಗೊತ್ತಾದ್ರೂ ಸಾಕು," ಎಂದ ರೇಡಿಯೋ ಅಣ್ಣ.

ಡಾಕ್ಟರಮ್ಮ ಅವನನ್ನು ಒಂದು ಗಳಿಗೆ ನೋಡಿ, ಚಿತ್ರ ತೆಗೆಯಲು ಬರೆದುಕೊಟ್ಟರು.

ಸ್ಕ್ಯಾನ್ ಕೋಣೆಯ ಯಂತ್ರ ಬಲವಾದ ಅಯಸ್ಕಾಂತ. ಅದರ ಹತ್ತಿರ ಮೈಮೇಲೆ ಕಬ್ಬಿಣದ ಚೂರೂ ಇರಕೂಡದು. ಯಂತ್ರ ನಡೆಸುವ ತಂತ್ರಜ್ಞೆ ಒಂದು ತಟ್ಟೆ ಕೊಟ್ಟು, ಇದ್ದದ್ದನ್ನೆಲ್ಲ ಇದರಲ್ಲಿ ಹಾಕಿ ಎಂದಳು. ರೇಡಿಯೋ ಅಣ್ಣ ಅಂಗಿಯ ಜೇಬಿನಿಂದ ಸ್ಕ್ರೂ ತೆಗೆದ. ಪ್ಯಾಂಟಿನ ಜೇಬಿನಿಂದ ಸ್ಪ್ರಿಂಗು, ಕ್ಲಿಪ್ಪು, ವಾಷರು. ಮಡಚಿದ ತೋಳಿನೊಳಗಿಂದ ಒಂದು ಚಿಮಟ. ಕೊನೆಗೆ ತಲೆ ಬಾಚಿಕೊಂಡಾಗ ಕೂದಲಿಂದಲೂ ಒಂದು ಮೊಳೆ ಬಿತ್ತು. ತಟ್ಟೆ ತುಂಬಿದ್ದನ್ನು ಕಂಡು ಅವಳು, "ಇನ್ನೊಂದು ಸ್ವಲ್ಪ ಇದ್ರೆ ನಮಗೇ ಒಂದು ರೇಡಿಯೋ ಆಗ್ತಿತ್ತು," ಎಂದಳು. ಆಮೇಲೆ ಗಂಭೀರವಾಗಿ, "ಲೋಹದ ಕೆಲಸದವರ ಕಣ್ಣಲ್ಲಿ ಚೂರು ಉಳಿದಿರಬಹುದು," ಎಂದು ಅವನನ್ನು ಎಕ್ಸ್‌ರೇಗೆ ಕಳಿಸಿದಳು.

ಹೊರಗೆ ಕೂತಿದ್ದ ಮೂವರಿಗೆ, ಮೆದುಳಿಗೆಂದು ಒಳಗೆ ಹೋದವನು ಕಣ್ಣಿನ ಎಕ್ಸ್‌ರೇಗೆ ಹೋಗುವುದಷ್ಟೇ ಕಂಡಿತು.

"ಕಣ್ಣಿಗೂ ಇಳಿದಿದೆ," ಎಂದ ಅರೆಡಾಕ್ಟ್ರು.

ಟೈಲರಕ್ಕ ಅಳಲು ಶುರುಮಾಡಿದಳು. ಪಕ್ಕದ ಬೆಂಚಿನಲ್ಲಿ ಕೂತಿದ್ದವರು, ಸಂಬಂಧವಿಲ್ಲದಿದ್ದರೂ, ಅವಳಿಗೆ ನೀರು ಕೊಟ್ಟರು.

ಕಣ್ಣಲ್ಲಿ ಚೂರು ಇರಲಿಲ್ಲ. ಕಿವಿಗೆ ಮೆತ್ತನೆಯ ಬಿರಡೆಗಳನ್ನಿಟ್ಟು, ತೊಂದರೆಯಾದರೆ ಹಿಸುಕಿ ಎಂದು ಕೈಗೊಂದು ರಬ್ಬರ್ ಉಂಡೆ ಕೊಟ್ಟು, ಅವನನ್ನು ಯಂತ್ರದ ಕೊಳವೆಯೊಳಗೆ ತಳ್ಳಿದರು. ಬೇಕರಿಯ ಒಲೆಯೊಳಗೆ ಬ್ರೆಡ್ಡು ತಳ್ಳಿದ ಹಾಗೆ ಅವನು ಒಳಗೆ ಹೋದ. ಯಂತ್ರ ಶುರುವಾಯಿತು. ಮೊದಲು ಟಕಟಕ, ಆಮೇಲೆ ಗರ್ರ್, ಆಮೇಲೆ ಯಾರೋ ತಗಡಿನ ಮೇಲೆ ಬಡಿದ ಹಾಗೆ ಧಡಧಡ. ರೇಡಿಯೋ ಅಣ್ಣ ಸ್ವಲ್ಪ ಹೊತ್ತು ತಡೆದುಕೊಂಡ. ಆಮೇಲೆ ಉಂಡೆ ಹಿಸುಕಿದ.

ಯಂತ್ರ ನಿಂತಿತು. ತಂತ್ರಜ್ಞೆ ಓಡಿ ಬಂದು ಅವನನ್ನು ಹೊರಗೆಳೆದಳು. "ಏನಾಯ್ತು? ಉಸಿರು ಕಟ್ತಾ?"

"ಇಲ್ಲಮ್ಮ. ನಿಮ್ಮ ಮೆಷಿನ್‌ನಲ್ಲಿ ಎಡಗಡೆ ಒಳಗೆ ಏನೋ ಸಡಿಲ ಆಗಿದೆ. ಒಂದು ಸ್ಕ್ರೂಡ್ರೈವರ್ ಇದ್ರೆ..."

"ಅದರ ಸದ್ದೇ ಹಾಗೆ. ಅದು ಸರಿಯಾಗೇ ಇದೆ," ಎಂದಳು ಅವಳು, ಹಲ್ಲು ಕಚ್ಚಿ. "ಮತ್ತೆ ಮೊದಲಿಂದ ತೆಗೀಬೇಕು. ಅಲ್ಲಾಡಬೇಡಿ. ರಿಪೇರಿ ಬಗ್ಗೆ ಯೋಚನೆ ಮಾಡ್ಬೇಡಿ."

ಎರಡನೆಯ ಸಲ ಅವನು ಅಲ್ಲಾಡಲಿಲ್ಲ. ಸದ್ದಿನ ನಡುನಡುವೆ ಯಂತ್ರ ಒಂದಿಷ್ಟು ಮೌನವಾಗುತ್ತಿತ್ತು. ಪ್ರತಿ ಮೌನದಲ್ಲಿಯೂ ಅವನು ನಡುವಿನ ಬಾಗಿಲನ್ನು ತೆರೆದ. ಅವಳು ಬಂದಳು, ಕೈ ಒರೆಸಿಕೊಂಡಳು, ತುಟಿ ತೆರೆದಳು. ಕೂಗು, ಎಂದು ಅವನು ಬೇಡಿಕೊಂಡ. ಈಗ ಕೂಗು, ಚಿತ್ರ ತೆಗೆಯುತ್ತಿದ್ದಾರೆ, ಎಲ್ಲಿ ಕೆಟ್ಟಿದೆ ಎಂದು ಗೊತ್ತಾಗುತ್ತದೆ. ಅಷ್ಟರಲ್ಲಿ ಧಡಧಡ ಮತ್ತೆ ಶುರುವಾಗುತ್ತಿತ್ತು. ಅವಳು ಪ್ರತಿ ಸಲವೂ ಬಂದಳು. ಒಂದು ಸಲವೂ ಕೇಳಲಿಲ್ಲ. ಆದರೂ ಹೊರಗೆಳೆದಾಗ ಅವನಿಗೆ, ಇನ್ನು ಸ್ವಲ್ಪ ಹೊತ್ತು ಒಳಗಿಟ್ಟಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಡಾಕ್ಟರಮ್ಮ ಚಿತ್ರಗಳನ್ನು ಪರದೆಯ ಮೇಲೆ ಹರಡಿ ಬಹಳ ಹೊತ್ತು ನೋಡಿದರು. ಈ ಸಲ ಮೂವರನ್ನೂ ಒಳಗೆ ಬಿಟ್ಟಿದ್ದರು. ಹೊರಗಿದ್ದರೆ ಬಾಗಿಲು ಉಳಿಯುವುದಿಲ್ಲವೆಂದು ಅವರಿಗೆ ಮನವರಿಕೆಯಾಗಿತ್ತು. ಸೈಕಲ್ ಮಾವ ಟ್ಯೂಬನ್ನು ಕೊರಳಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಇದು, ಇದು," ಎಂದು ಡಾಕ್ಟರಮ್ಮ ಪೆನ್ನಿನ ತುದಿಯಿಂದ ತೋರಿಸಿದರು. "ನಾನು ಹೇಳಿದ ಜಾಗ. ಎರಡೂ ತುಂಬಿಕೊಂಡು ಚೆನ್ನಾಗಿವೆ. ಎಲ್ಲೂ ಕುಗ್ಗಿಲ್ಲ. ಒಂದೇ ಚಿತ್ರ ನೋಡಿ ಕೊನೇ ಮಾತು ಹೇಳಬಾರದು, ಆದ್ರೆ ಬೆಳಿಗ್ಗೆ ಕೇಳಿದ ಪ್ರಶ್ನೆಗಳಿಗೂ ನೀವು ಸರಿಯಾಗೇ ಉತ್ತರ ಕೊಟ್ಟಿದ್ದೀರಿ. ಈ ವಯಸ್ಸಿಗೆ ಇಷ್ಟು ಒಳ್ಳೆ ಮೆದುಳು ನಮಗೆ ಸಿಗೋದು ಅಪರೂಪ."

ಬೀದಿ ಗೆದ್ದಿತು. ಸೈಕಲ್ ಮಾವ ರೇಡಿಯೋ ಅಣ್ಣನನ್ನು ಅಪ್ಪಿಕೊಂಡ. ಟೈಲರಕ್ಕ ಅಳುವನ್ನು ಸಂತೋಷದ ಅಳುವಾಗಿ ಬದಲಾಯಿಸಿಕೊಂಡಳು. ಅರೆಡಾಕ್ಟ್ರು ಪರದೆಯನ್ನು ಸಮೀಪದಿಂದ ನೋಡಿ, "ನಾನೂ ಅದನ್ನೇ ಅಂದುಕೊಂಡಿದ್ದೆ," ಎಂದ.

ರೇಡಿಯೋ ಅಣ್ಣ ಮಾತ್ರ ಕುರ್ಚಿಯಲ್ಲಿ ಹಾಗೆಯೇ ಕೂತಿದ್ದ.

"ಇನ್ನೊಂದು ಸಲ ನೋಡಿ ಮೇಡಂ. ಸಣ್ಣದು ಏನಾದ್ರೂ... ಒಂದು ವೈರ್ ಬಿಟ್ಟಿರೋ ಹಾಗೆ."

"ಇಲ್ಲ."

"ಸೆಟ್ ಸರಿ ಇದ್ರೆ, ಮತ್ತೆ ಧ್ವನಿ ಎಲ್ಲಿ ಹೋಯ್ತು?"

ಡಾಕ್ಟರಮ್ಮನ ಬಳಿ ಅದಕ್ಕೆ ಚಿತ್ರವಿರಲಿಲ್ಲ. "ಕಾಯಿಲೆ ಇಲ್ದೇನೂ ಕೆಲವು ಹೋಗ್ತವೆ," ಎಂದರು. ಅವರ ಧ್ವನಿಯಲ್ಲಿದ್ದ ಮೃದುತ್ವವೇ ಅವನಿಗೆ ಹೆಚ್ಚು ನೋವುಂಟುಮಾಡಿತು. ಹಾಗೆ ಹೋದದ್ದಕ್ಕೆ ಔಷಧಿಯಿಲ್ಲ, ರಿಪೇರಿಯಿಲ್ಲ, ಬಿಡಿಭಾಗವಿಲ್ಲ.

ಅದೇ ಹೊತ್ತಿಗೆ ಮಗಳು ಬಂದಳು. ಬಸ್‌ ನಿಲ್ದಾಣದಿಂದ ಓಡಿಯೇ ಬಂದಿರಬೇಕು. ಮಾತನಾಡಲು ಆಗದೆ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಎಲ್ಲ ಸರಿಯಾಗಿದೆ ಎಂದು ನಾಲ್ಕು ಜನ ಏಕಕಾಲಕ್ಕೆ ಹೇಳಿದ ಮೇಲೆ ಅಪ್ಪನ ಪಕ್ಕದಲ್ಲಿ ಕುಸಿದು ಕೂತಳು.

"ಅಪ್ಪ, ನೀವು ಮನೆ ದಾರಿಯೇ ಮರೆತಿದ್ದೀರಿ ಅಂತ ಹೇಳಿದ್ರಲ್ಲ ಇವರು."

"ಅಷ್ಟೆಲ್ಲ ನಾನು ಹೇಳಲಿಲ್ಲ," ಎಂದ ಅರೆಡಾಕ್ಟ್ರು. "ಆ ಹಂತಕ್ಕೂ ಹೋಗಬಹುದು ಅಂದೆ."

"ಹಾಗಾದ್ರೆ ಏನು ಮರೆತ್ರಿ?"

ರೇಡಿಯೋ ಅಣ್ಣ ಸಂಕೋಚದಿಂದ ನೆಲ ನೋಡಿದ. "ನಿಮ್ಮಮ್ಮ ಮಧ್ಯಾಹ್ನ ಊಟಕ್ಕೆ ಹೇಗೆ ಕೂಗ್ತಿದ್ದಳಮ್ಮ? ನಿಂಗೆ ನೆನಪಿರುತ್ತೆ. ಒಂದು ಸಲ ಕೂಗಿ ತೋರಿಸ್ತೀಯಾ?"

ಮಗಳು ಅವನ ಮುಖವನ್ನೇ ನೋಡಿದಳು.

"ಅಮ್ಮ ಕೂಗ್ತಿರಲಿಲ್ಲವಲ್ಲಪ್ಪ."

"ಅಂದ್ರೆ?"

"ನೀವು ದಿನವಿಡೀ ಆ ದೊಡ್ಡ ಹೆಡ್‌ಫೋನ್ ಹಾಕ್ಕೊಂಡು ಕೂತಿರ್ತಿದ್ರಿ. ಮದುವೆಯಾದ ಹೊಸದ್ರಲ್ಲಿ ಬಾಗಿಲಲ್ಲಿ ನಿಂತು ಕೂಗ್ತಿದ್ದಳಂತೆ, ನಿಮಗೆ ಕೇಳ್ತಾನೇ ಇರಲಿಲ್ಲವಂತೆ. ಆಮೇಲೆ ಬಿಟ್ಟುಬಿಟ್ಟಳು. ನಾನು ನೋಡೋ ಹೊತ್ತಿಗೆ, ಬಂದು ಭುಜ ತಟ್ಟಿ ಹೋಗ್ತಿದ್ದಳು ಅಷ್ಟೇ. ನೀವು ಏಳ್ತಿದ್ರಿ."

ಡಾಕ್ಟರಮ್ಮ ಪರದೆಯ ಮೇಲಿದ್ದ ಆ ಆರೋಗ್ಯವಂತ ಮೆದುಳಿನತ್ತ ತಿರುಗಿ ನೋಡಿದರು. ಅದು ತನ್ನ ಕೆಲಸವನ್ನು ಲೋಪವಿಲ್ಲದೆ ಮಾಡಿತ್ತು. ಕೇಳದೇ ಇದ್ದದ್ದನ್ನು ಕೇಳದ ಹಾಗೆಯೇ ಕಾಪಾಡಿಟ್ಟಿತ್ತು.

"ಹಂಗಾದ್ರೆ ನಾನು ಇಷ್ಟು ವರ್ಷ ಕೇಳಿದ್ದು ಯಾರ ಕೂಗು?" ಎಂದಳು ಟೈಲರಕ್ಕ.

"ನಿನ್ನದೇ ಇರ್ಬೇಕು," ಎಂದ ಸೈಕಲ್ ಮಾವ. ತಾನು ಕೇಳಿದ್ದು ಯಾರದೆಂದು ಅವನು ಹೇಳಲಿಲ್ಲ.

ರೇಡಿಯೋ ಅಣ್ಣ, ಹೆಡ್‌ಫೋನ್ ಇನ್ನೂ ಅಲ್ಲಿಯೇ ಇರುವ ಹಾಗೆ, ಕಿವಿ ಮುಟ್ಟಿ ನೋಡಿಕೊಂಡ. ಅವಳು ಕೂಗಿದ್ದಳು, ಅವನಿಗೆ ಕೇಳಿರಲಿಲ್ಲ. ಕೇಳಿಸದವನ ಹತ್ತಿರ ಅವಳು ನಡೆದೇ ಬಂದಿದ್ದಳು, ದಿನದಿನವೂ, ಅಷ್ಟು ಹತ್ತಿರಕ್ಕೆ. ಅವನ ಮುಖ ನಿಧಾನವಾಗಿ ಬದಲಾಯಿತು. ಏನೋ ಸಿಕ್ಕಿದವನ ಹಾಗೆ ಬೆನ್ನು ನೇರ ಮಾಡಿ ಕೂತ.

"ಯಾವ ಭುಜ?" ಎಂದು ಕೇಳಿದ.

ಮಗಳು ಬಾಯಿ ತೆರೆದಳು. ಯೋಚಿಸಿದಳು. "ಅದು... ನೆನಪಿಲ್ಲಪ್ಪ."

"ಎಡಗಡೇದು," ಎಂದಳು ಟೈಲರಕ್ಕ ತಕ್ಷಣ. "ನಮ್ಮ ಅಂಗಡಿಯಿಂದ ದಿನಾ ನೋಡ್ತಿದ್ದೆ."

"ಎದುರಿಗೆ ಕೂತು ನೋಡಿದೋರಿಗೆ ಎಡ ಅಂದ್ರೆ ಅವನಿಗೆ ಬಲ ಆಗುತ್ತಲ್ಲಮ್ಮ," ಎಂದ ಸೈಕಲ್ ಮಾವ.

"ಅದನ್ನ ತಿರುಗಿಸಿಯೇ ನಾನು ಎಡ ಅಂದಿದ್ದು."

"ನನ್ನ ಲೆಕ್ಕದಲ್ಲಿ ಎರಡೂ," ಎಂದ ಅರೆಡಾಕ್ಟ್ರು.

ಅವರು ವಾದಿಸುತ್ತಿದ್ದಂತೆ ರೇಡಿಯೋ ಅಣ್ಣ ಕಣ್ಣು ಮುಚ್ಚಿದ. ಬಲಗೈಯಿಂದ ಎಡಭುಜವನ್ನು ಮೆಲ್ಲಗೆ ತಟ್ಟಿಕೊಂಡ, ಕಾದ. ಎಡಗೈಯಿಂದ ಬಲಭುಜವನ್ನು ತಟ್ಟಿಕೊಂಡ, ಮತ್ತೆ ಕಾದ. ಎರಡು ಸಲವೂ ಅದು ಅವನದೇ ಕೈಯಾಗಿತ್ತು.